ಪ್ರಮಾಣ ಮಾಡಲು ಬಿಡದ ಸಭೆ: ಚಾರ್ಲ್ಸ್ ಬ್ರಾಡ್ಲಾ ಪ್ರಕರಣ

ನಾರ್ಥಾಂಪ್ಟನ್ ಇಂಗ್ಲೆಂಡಿನ ನಡುಭಾಗದ ಒಂದು ಊರು. 19ನೇ ಶತಮಾನದಲ್ಲಿ ಅಲ್ಲಿ ಬೂಟು ಹೊಲಿಯುವವರೇ ಜಾಸ್ತಿ. ಈ ಊರಿನ ಮತದಾರರು 1880ರಿಂದ 1885ರ ಒಳಗೆ ಒಬ್ಬನೇ ಮನುಷ್ಯನನ್ನು ಐದು ಸಲ ಪಾರ್ಲಿಮೆಂಟಿಗೆ ಆರಿಸಿ ಕಳಿಸಿದರು. ಅಷ್ಟು ವರ್ಷಗಳಲ್ಲಿ ಆತ ಸದಸ್ಯನಾಗಿ ಕೂತು ಕೆಲಸ ಮಾಡಿದ್ದು ಸುಮಾರು ಒಂಬತ್ತು ತಿಂಗಳು. ಲಂಚ ತಿಂದಿರಲಿಲ್ಲ, ಓಟು ಕದ್ದಿರಲಿಲ್ಲ. ದೇವರನ್ನು ನಂಬಲ್ಲ ಅಂತ ಬಾಯಿಬಿಟ್ಟು ಹೇಳಿದ್ದ, ಅಷ್ಟೆ.

ನಾಸ್ತಿಕರ ಬಗ್ಗೆ ಮಾತು ಬಂದರೆ ಸಾಕು, ಚರ್ಚೆ ದೇವರಿದ್ದಾನಾ ಇಲ್ವಾ ಅನ್ನೋ ಕಡೆಗೆ ಓಡುತ್ತದೆ. ದಿನದಿನದ ಬದುಕಿನಲ್ಲಿ ಆ ಪ್ರಶ್ನೆ ಯಾರನ್ನೂ ಅಷ್ಟು ಕಾಡುವುದಿಲ್ಲ. ಕಾಡುವುದು ಬೇರೆ. ಎಲ್ಲರೂ ಒಟ್ಟಿಗೆ ಒಂದು ಮಾತು ಹೇಳುವಾಗ, ಆ ಮಾತಿನಲ್ಲಿ ನಂಬಿಕೆ ಇಲ್ಲದವನು ಏನು ಮಾಡಬೇಕು? ಸುಮ್ನೆ ತುಟಿ ಅಲ್ಲಾಡಿಸಿ ಮುಂದೆ ಹೋಗಬೇಕಾ? ನಿಂತು, ಇದು ನನ್ನ ಮಾತಲ್ಲ ಅನ್ನಬೇಕಾ? ಹಾಗೆ ಅಂದರೆ ಏನಾಗುತ್ತದೆ? ಬ್ರಾಡ್ಲಾ ಪ್ರಕರಣದಲ್ಲಿ ಈ ಪ್ರಶ್ನೆಗಳಿಗೆ ದಾಖಲೆ ಸಮೇತ ಉತ್ತರ ಇದೆ. ಸಮಿತಿ ವರದಿ, ಮತ ಎಣಿಕೆ, ಕೋರ್ಟ್ ತೀರ್ಪು, ಎಲ್ಲವೂ. ಅದಕ್ಕೇ ಇದನ್ನು ಆರಿಸಿಕೊಂಡೆ.

ಹಿನ್ನೆಲೆ

ಚಾರ್ಲ್ಸ್ ಬ್ರಾಡ್ಲಾ ಹುಟ್ಟಿದ್ದು 1833ರಲ್ಲಿ, ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿ. ಅಪ್ಪ ವಕೀಲರ ಆಫೀಸಿನಲ್ಲಿ ಗುಮಾಸ್ತ. ಮನೆ ಬಡತನದ್ದು, ಚರ್ಚಿಗೆ ತಪ್ಪದೆ ಹೋಗುವ ಮನೆ. ಹುಡುಗ ಓದಿನಲ್ಲಿ ಚುರುಕು. ಚರ್ಚಿನ ಸಂಡೆ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ.

ಬಿಷಪ್ ಬರುವವರಿದ್ದರು. ಒಳ್ಳೆಯ ಉತ್ತರ ಕೊಡುವ ಹುಡುಗ ಬೇಕು ಅಂತ ಪಾದ್ರಿ ಇವನನ್ನೇ ತಯಾರಿಗೆ ಹಚ್ಚಿದರು. ಇವನು ಚರ್ಚಿನ 39 ವಿಧಿಗಳನ್ನೂ ನಾಲ್ಕು ಸುವಾರ್ತೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದ. ಕೆಲವು ಕಡೆ ಒಂದಕ್ಕೊಂದು ಹೊಂದಲಿಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ಪಾದ್ರಿಗೇ ಪತ್ರ ಬರೆದ. ಉತ್ತರ ಬರಲಿಲ್ಲ. ನಿಮ್ಮ ಮಗ ನಾಸ್ತಿಕತೆಯ ಕಡೆ ಹೊರಳುತ್ತಿದ್ದಾನೆ ಅಂತ ಅಪ್ಪನಿಗೆ ದೂರು ಹೋಯಿತು. ಸಂಡೆ ಸ್ಕೂಲಿನ ಕೆಲಸದಿಂದ ಹುಡುಗನನ್ನು ಮೂರು ತಿಂಗಳು ದೂರ ಇಟ್ಟರು.

ಆಗ ಅವನು ನಾಸ್ತಿಕನಾಗಿರಲಿಲ್ಲ. ಅನುಮಾನ ಕೇಳಿದ ಹುಡುಗ, ಅಷ್ಟೆ. ಆ ಮೂರು ತಿಂಗಳ ಭಾನುವಾರಗಳಲ್ಲಿ ಮಾಡಲು ಕೆಲಸ ಇರಲಿಲ್ಲ. ಬಾನರ್ಸ್ ಫೀಲ್ಡ್ಸ್ ಎಂಬ ಬಯಲಿನಲ್ಲಿ ನಡೆಯುತ್ತಿದ್ದ ವಾದ-ವಿವಾದ ಕೇಳಲು ಹೋದ. ಮೊದಮೊದಲು ಧರ್ಮದ ಪರವಾಗಿಯೇ ವಾದ ಮಾಡಿದ. ಸೋತ. ಪಾದ್ರಿ ಅವತ್ತು ಒಂದು ಸಂಜೆ ಕೂರಿಸಿಕೊಂಡು ಮಾತಾಡಿದ್ದರೆ ಇಂಗ್ಲೆಂಡಿಗೆ ಇಷ್ಟು ದೊಡ್ಡ ನಾಸ್ತಿಕ ಸಿಗುತ್ತಿರಲಿಲ್ಲವೇನೋ.

ಮೂರು ದಿನದೊಳಗೆ ಅಭಿಪ್ರಾಯ ಬದಲಿಸಿಕೊಳ್ಳದಿದ್ದರೆ ಇರುವ ಕೆಲಸವೂ ಹೋಗುತ್ತದೆ ಅಂತ ಮನೆಯಲ್ಲಿ ಎಚ್ಚರಿಕೆ ಬಂತು. ಹದಿನಾರರ ಆಸುಪಾಸಿನ ಹುಡುಗ ಮನೆ ಬಿಟ್ಟ. ಕಲ್ಲಿದ್ದಲು ಮಾರಲು ಕೈಹಾಕಿದ. ಅವನ ದೊಡ್ಡ ಗಿರಾಕಿ ಒಬ್ಬ ಬೇಕರಿಯವನ ಹೆಂಡತಿ. ಹುಡುಗ ಯಾರು ಅಂತ ಒಂದು ದಿನ ಆಕೆಗೆ ಗೊತ್ತಾಯಿತು. ನಿನ್ನ ಕಲ್ಲಿದ್ದಲು ಉರಿಸಿದರೆ ನನ್ನ ಬ್ರೆಡ್ಡಿಗೆ ಗಂಧಕದ ವಾಸನೆ ಬಂದೀತು ಅಂದಳು. ಕ್ರೈಸ್ತರ ನರಕದಲ್ಲಿ ಉರಿಯುವುದು ಗಂಧಕ ಅಲ್ವಾ. ವ್ಯಾಪಾರ ಅಲ್ಲಿಗೆ ಮುಗಿಯಿತು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಸಾಲ ಆಯಿತು, ಸೈನ್ಯ ಸೇರಿ ಐರ್ಲೆಂಡಿನಲ್ಲಿ ಇದ್ದ. ಅಜ್ಜಿಯೊಬ್ಬರು ಬಿಟ್ಟುಹೋದ ಹಣದಿಂದ ಬಿಡುಗಡೆ ಕೊಂಡು 1853ರಲ್ಲಿ ವಾಪಸ್ ಬಂದ. ವಕೀಲರೊಬ್ಬರ ಬಳಿ ಗುಮಾಸ್ತನಾದ. ಯಜಮಾನನಿಗೆ ಮುಜುಗರ ಆಗಬಾರದು ಅಂತ ಭಾಷಣ, ಬರಹಗಳಿಗೆ ‘ಐಕನೊಕ್ಲಾಸ್ಟ್’ ಎಂಬ ಬೇರೆ ಹೆಸರು ಇಟ್ಟುಕೊಂಡ. ಹಗಲು ಕಾನೂನು ಕಲಿತ, ರಾತ್ರಿ ಭಾಷಣ ಮಾಡಿದ. 1866ರಲ್ಲಿ ನ್ಯಾಷನಲ್ ಸೆಕ್ಯುಲರ್ ಸೊಸೈಟಿ ಕಟ್ಟಿದ. 1868ರಲ್ಲಿ ಒಂದು ಸಲ, 1874ರಲ್ಲಿ ಎರಡು ಸಲ ನಾರ್ಥಾಂಪ್ಟನ್ನಿನಲ್ಲಿ ನಿಂತು ಸೋತ. 1880ರ ಏಪ್ರಿಲಿನಲ್ಲಿ ಗೆದ್ದ.

ಪಿಯಾನೋ ಕಳೆದುಕೊಂಡ ಹೆಂಗಸು

ಮುಂದೆ ಹೋಗುವ ಮುಂಚೆ ಆ ಕಾಲದ ಕಾನೂನು ಸ್ವಲ್ಪ ನೋಡಬೇಕು.

ಇಂಗ್ಲೆಂಡಿನ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾದರೆ ದೇವರ ಮೇಲೆ ಆಣೆ ಇಡಬೇಕಿತ್ತು. ಸುಳ್ಳು ಹೇಳಿದರೆ ದೇವರು ಶಿಕ್ಷಿಸುತ್ತಾನೆ ಎಂಬ ಭಯ ಇಲ್ಲದವನ ಮಾತಿಗೆ ಬೆಲೆ ಇಲ್ಲ ಅನ್ನೋದು ಲೆಕ್ಕ. 1861ರಲ್ಲಿ ರಾಚ್‌ಡೇಲಿನ ಕಡೆಯ ಒಂದು ಕೇಸು ಬಂತು. ಒಂದು ಪಿಯಾನೋ ವಾಪಸ್ ಕೊಡಿಸಿ ಅನ್ನೋ ಜಗಳ, ಅದೂ ಮನೆಯವರ ನಡುವೆ. ಪಿಯಾನೋ ತನ್ನದು ಅಂತ ಹೇಳಬೇಕಾದ ಹೆಂಗಸು ಸಾಕ್ಷಿ ಕಟ್ಟೆಗೆ ಬಂದಳು. ದೇವರನ್ನು ನಂಬುತ್ತೀಯಾ ಅಂತ ಕೇಳಿದರು. ಇಲ್ಲ ಅಂದಳು. ಸಾಕ್ಷಿ ತಗೊಳ್ಳಲಿಲ್ಲ. ಕೇಸು ಹೋಯಿತು, ಪಿಯಾನೋನೂ ಹೋಯಿತು.

ನಂಬುತ್ತೇನೆ ಅಂತ ಒಂದು ಸುಳ್ಳು ಹೇಳಿದ್ದರೆ ಅವಳ ಸಾಕ್ಷಿಯನ್ನು ಗೌರವದಿಂದ ತಗೊಳ್ಳುತ್ತಿದ್ದರು. ನಿಜ ಹೇಳಿದ್ದಕ್ಕೆ, ಇವಳು ನಿಜ ಹೇಳುವವಳಲ್ಲ ಅಂತ ತೀರ್ಮಾನ ಆಯಿತು. ಈ ನಿಯಮ ತನ್ನ ಬುಡವನ್ನೇ ಕಡಿದುಕೊಳ್ಳುತ್ತದೆ, ಸುಳ್ಳು ಹೇಳುವ ನಾಸ್ತಿಕನನ್ನು ಒಳಗೆ ಬಿಟ್ಟು ಪ್ರಾಮಾಣಿಕ ನಾಸ್ತಿಕನನ್ನು ಹೊರಗೆ ಇಡುತ್ತದೆ ಅಂತ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಅದಕ್ಕೂ ಎರಡು ವರ್ಷ ಮೊದಲೇ ಬರೆದಿದ್ದರು. ಇದೇ ಮಿಲ್ 1868ರಲ್ಲಿ ಬ್ರಾಡ್ಲಾ ಚುನಾವಣೆಗೆ 10 ಪೌಂಡ್ ಚಂದಾ ಕೊಟ್ಟರು. ಆ ಸಲ ಮಿಲ್ ತಮ್ಮ ಸೀಟನ್ನೇ ಕಳೆದುಕೊಂಡರು. ಅದಕ್ಕೆ ಆ ಚಂದಾವೂ ಒಂದು ಕಾರಣ ಅಂತ ಅವರೇ ಒಪ್ಪಿಕೊಂಡಿದ್ದಾರೆ.

ಬ್ರಾಡ್ಲಾಗೂ ತನ್ನದೇ ಹಣದ ಕೇಸೊಂದರಲ್ಲಿ ಇದೇ ಅನುಭವ ಆಗಿತ್ತು. ಪಟ್ಟು ಬಿಡದೆ ಹೋರಾಡಿದ. 1869 ಮತ್ತು 1870ರಲ್ಲಿ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿ ಬಂತು. ನಂಬಿಕೆ ಇಲ್ಲದವರು ದೇವರ ಹೆಸರಿಲ್ಲದೆ ದೃಢೀಕರಣ ಮಾಡಿ ಸಾಕ್ಷಿ ಹೇಳಬಹುದು ಅಂತಾಯಿತು. ಪಾರ್ಲಿಮೆಂಟಿನಲ್ಲೂ ಕ್ವೇಕರ್ ಪಂಥದವರಂಥ ಕೆಲವರಿಗೆ ದೃಢೀಕರಣದ ಅವಕಾಶ ಮೊದಲಿನಿಂದ ಇತ್ತು. ಆಣೆ ಇಡಬಾರದು ಅನ್ನೋದು ಅವರ ಧರ್ಮ. ಅಂದರೆ ಧರ್ಮದ ಕಾರಣಕ್ಕೆ ಆಣೆ ಬೇಡ ಅಂದವರಿಗೆ ದಾರಿ ಇತ್ತು. ಧರ್ಮವೇ ಇಲ್ಲ ಅಂದವನಿಗೆ ಇತ್ತಾ? ಕಾಯ್ದೆಯಲ್ಲಿ ಅದು ಸ್ಪಷ್ಟ ಇರಲಿಲ್ಲ.

1880ರ ಮೇ, ಜೂನ್

1880ರ ಮೇ 3ರಂದು ಹೊಸ ಸದಸ್ಯರು ಸಾಲಾಗಿ ಪ್ರಮಾಣ ಮಾಡುತ್ತಿದ್ದರು. ಬ್ರಾಡ್ಲಾ ಮೇಜಿನ ಬಳಿ ಬಂದು, ತನಗೆ ದೃಢೀಕರಣಕ್ಕೆ ಅವಕಾಶ ಬೇಕು ಅಂತ ಬರೆದ ಚೀಟಿಯನ್ನು ಸಭೆಯ ಗುಮಾಸ್ತ ಅರ್ಸ್ಕಿನ್ ಮೇ ಕೈಗೆ ಕೊಟ್ಟ. ಕೋರ್ಟಿನಲ್ಲಿ ಕಾನೂನು ನನಗೆ ಈ ಹಕ್ಕು ಕೊಟ್ಟಿದೆ, ಇಲ್ಲೂ ಅದು ಸಲ್ಲುತ್ತದೆ ಅನ್ನೋದು ಅವನ ವಾದ. ಸ್ಪೀಕರ್ ಹೆನ್ರಿ ಬ್ರ್ಯಾಂಡ್ ತಾವೇ ತೀರ್ಮಾನ ಮಾಡಬಹುದಿತ್ತು. ಮಾಡಲಿಲ್ಲ. ಸಭೆಗೆ ಬಿಟ್ಟರು. ಮುಂದಿನ ಆರು ವರ್ಷಗಳ ರಾದ್ಧಾಂತ ಶುರುವಾಗಿದ್ದು ಇಲ್ಲಿಂದ. ಒಬ್ಬನ ಹಕ್ಕಿನ ಪ್ರಶ್ನೆ ಬಹುಮತದ ಪ್ರಶ್ನೆಯಾಗಿಹೋಯಿತು.

ಇದನ್ನು ಪರಿಶೀಲಿಸಲು ಸದಸ್ಯರ ಒಂದು ಸಮಿತಿ ಕೂತಿತು. ಮತ ಸಮ ಸಮ ಬಂದವು. ಅಧ್ಯಕ್ಷ ಸ್ಪೆನ್ಸರ್ ವಾಲ್ಪೋಲ್ ತಮ್ಮ ನಿರ್ಣಾಯಕ ಮತವನ್ನು ವಿರುದ್ಧ ಹಾಕಿದರು. ದೃಢೀಕರಣ ಇಲ್ಲ.

ಸರಿ, ಹಾಗಾದರೆ ಎಲ್ಲರಂತೆ ಪ್ರಮಾಣವನ್ನೇ ಮಾಡುತ್ತೇನೆ ಅಂದ ಬ್ರಾಡ್ಲಾ. ಅಷ್ಟಕ್ಕೇ ನಿಲ್ಲಲಿಲ್ಲ. ಪತ್ರಿಕೆಗಳಿಗೆ ಒಂದು ಪತ್ರ ಕೊಟ್ಟ. ಪ್ರಮಾಣದಲ್ಲಿರುವ ದೇವರ ಮಾತು ನನ್ನ ಮಟ್ಟಿಗೆ ಅರ್ಥವಿಲ್ಲದ್ದು, ಆದರೆ ರಾಣಿಗೆ ನಿಷ್ಠನಾಗಿರುತ್ತೇನೆ ಎಂಬ ಭಾಗ ನನ್ನನ್ನು ಪೂರ್ತಿ ಕಟ್ಟಿಹಾಕುತ್ತದೆ ಅನ್ನೋದು ಅದರ ಸಾರ. ಮೇ 21ರಂದು ಪ್ರಮಾಣಕ್ಕೆ ಬಂದಾಗ ವಿರೋಧ ಪಕ್ಷದ ಡ್ರಮಂಡ್ ವುಲ್ಫ್ ಎದ್ದು ನಿಂತು ತಡೆದರು. ಇವನೇ ಅರ್ಥವಿಲ್ಲ ಅನ್ನುತ್ತಿದ್ದಾನೆ, ಇವನ ಬಾಯಲ್ಲಿ ಈ ಪ್ರಮಾಣ ಹೇಗೆ ಬರಬೇಕು ಅಂತ.

ಎರಡನೇ ಸಮಿತಿ ಬಂತು. ಅದರ ಮಾತು ಉಲ್ಟಾ. ಪ್ರಮಾಣ ಮಾಡಲು ಬಿಡಬೇಡಿ, ಬೇಕಾದರೆ ತನ್ನ ಹೊಣೆಯ ಮೇಲೆ ದೃಢೀಕರಣ ಮಾಡಲಿ, ಕಾನೂನು ಸರಿಯೋ ತಪ್ಪೋ ಕೋರ್ಟ್ ನೋಡಿಕೊಳ್ಳಲಿ. ಅದೇ ಊರಿನ ಇನ್ನೊಬ್ಬ ಸದಸ್ಯ ಹೆನ್ರಿ ಲಬೂಶೇರ್ ಈ ನಿರ್ಣಯ ಮಂಡಿಸಿದರು. ಜೂನ್ 22ರಂದು 275ಕ್ಕೆ 230 ಮತಗಳಿಂದ ಬಿದ್ದುಹೋಯಿತು. ಈಗ ಪ್ರಮಾಣವೂ ಇಲ್ಲ, ದೃಢೀಕರಣವೂ ಇಲ್ಲ.

ಮರುದಿನ ಬ್ರಾಡ್ಲಾ ಸಭೆಯ ಅಂಚಿನಲ್ಲಿ ನಿಂತು ಮಾತಾಡಿದ. ಹೊರಗೆ ಹೋಗು ಅಂದರು, ಹೋಗಲ್ಲ ಅಂದ. ಬಂಧಿಸಿ ಗಡಿಯಾರ ಗೋಪುರದ ಕೋಣೆಯಲ್ಲಿ ಇಟ್ಟರು. ಬಿಗ್ ಬೆನ್ ಗಂಟೆ ಇರುವ ಅದೇ ಗೋಪುರ. ಅಲ್ಲಿ ಸೆರೆಯಲ್ಲಿ ಇದ್ದ ಕೊನೆಯವನು ಇವನೇ. ಆದರೆ ಇವನನ್ನು ಇಟ್ಟುಕೊಂಡು ಮಾಡುವುದೇನು? ಮರುದಿನವೇ ಬಿಟ್ಟರು.

ಪ್ರಧಾನಿ ಗ್ಲ್ಯಾಡ್‌ಸ್ಟನ್ ಮಧ್ಯೆ ಬಂದು ಹೊಸ ನಿರ್ಣಯ ತಂದರು. ಜುಲೈ 2ರಂದು ಬ್ರಾಡ್ಲಾ ದೃಢೀಕರಣ ಮಾಡಿ ಕೂತ. ಮೊದಲೇ ಹೇಳಿದ ಒಂಬತ್ತು ತಿಂಗಳು ಇದೇ.

ಕೋರ್ಟು, ಬೀದಿ, ಮತ್ತೆ ಚುನಾವಣೆ

ಸರಿಯಾದ ಪ್ರಮಾಣವಿಲ್ಲದೆ ಮತ ಹಾಕಿದರೆ ಒಂದೊಂದು ಮತಕ್ಕೂ 500 ಪೌಂಡ್ ದಂಡ ಅಂತ ಕಾಯ್ದೆಯಲ್ಲಿತ್ತು. ಕ್ಲಾರ್ಕ್ ಅನ್ನುವವನೊಬ್ಬ ತಕ್ಷಣ ಕೇಸು ಹಾಕಿದ. ಅವನ ಬೆನ್ನಿಗೆ ನಿಂತು ಖರ್ಚಿನ ಭರವಸೆ ಕೊಟ್ಟವರು ನ್ಯೂಡಿಗೇಟ್ ಎಂಬ ಸಂಸದರು. ಅಂದರೆ ಸಭೆಯಲ್ಲಿ ಸೋತವರು ಬೇರೆಯವನ ಹೆಸರಿನಲ್ಲಿ ಕೋರ್ಟಿಗೆ ಬಂದಿದ್ದರು. 1881ರ ಮಾರ್ಚಿನಲ್ಲಿ ತೀರ್ಪು ಬ್ರಾಡ್ಲಾ ವಿರುದ್ಧ ಬಂತು. ಸಾಕ್ಷಿಕಟ್ಟೆಗೆ ಇರುವ ದೃಢೀಕರಣ ಪಾರ್ಲಿಮೆಂಟಿಗೆ ಸಲ್ಲದು ಅಂತ. ಸೀಟು ಖಾಲಿ.

ಏಪ್ರಿಲಿನಲ್ಲಿ ಉಪಚುನಾವಣೆ. ನಾರ್ಥಾಂಪ್ಟನ್ ಮತ್ತೆ ಅವನನ್ನೇ ಆರಿಸಿತು. ಮತ್ತೆ ಪ್ರಮಾಣಕ್ಕೆ ಬಂದ, ಮತ್ತೆ ತಡೆದರು. ಆಗಸ್ಟ್ 3ರಂದು ಒಳಗೆ ನುಗ್ಗಲು ನೋಡಿದ. ಅವತ್ತು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಅವನ ಪರವಾಗಿ ಅರ್ಜಿ ಹಿಡಿದುಕೊಂಡು ಜನ ಸೇರಿದ್ದರು. ಆನಿ ಬೆಸೆಂಟ್ ಅವರ ನಡುವೆ ಇದ್ದರು. ಮುಂದೆ ಭಾರತಕ್ಕೆ ಬಂದು 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದ ಅದೇ ಬೆಸೆಂಟ್. ಆಗ ಅವರೂ ನಾಸ್ತಿಕರೇ. ಒಳಗೆ ಹತ್ತಕ್ಕೂ ಹೆಚ್ಚು ಜನ ಪೊಲೀಸರು, ಸಭೆಯ ನೌಕರರು ಸೇರಿ ಬ್ರಾಡ್ಲಾನನ್ನು ಹಿಡಿದು ಮೆಟ್ಟಿಲ ಮೇಲಿಂದ ಕೆಳಗೆ ಎಳೆದರು. ಆಳು ಎತ್ತರ, ದಪ್ಪ, ಹಳೇ ಸೈನಿಕ. ಸುಲಭಕ್ಕೆ ಜಗ್ಗಲಿಲ್ಲ. ಕೋಟು ಹರಿಯಿತು, ತೋಳಿನ ಸ್ನಾಯುಗಳಿಗೆ ಪೆಟ್ಟಾಯಿತು. ಆಮೇಲೆ ಹಾಸಿಗೆ ಹಿಡಿದ. ಅಂಗಳಕ್ಕೆ ತಳ್ಳಿದಾಗ ಅವನೊಂದು ಕೈ ಎತ್ತಿದ್ದರೆ ಹೊರಗಿದ್ದ ಗುಂಪು ನುಗ್ಗುತ್ತಿತ್ತು. ಎತ್ತಲಿಲ್ಲ. ಜನರನ್ನು ಶಾಂತವಾಗಿ ಇಟ್ಟುಕೊಳ್ಳಿ ಅಂತ ಬೆಸೆಂಟರಿಗೆ ಮೊದಲೇ ಹೇಳಿಟ್ಟಿದ್ದ.

1882ರ ಫೆಬ್ರವರಿ 21ರಂದು ಮಾಡಿದ್ದು ಇನ್ನೂ ಸ್ವಾರಸ್ಯ. ಇದ್ದಕ್ಕಿದ್ದಂತೆ ಮೇಜಿನ ಬಳಿಗೆ ನಡೆದು ಬಂದ. ಜೇಬಿನಿಂದ ಪ್ರಮಾಣ ಬರೆದ ಕಾಗದವನ್ನೂ ಹೊಸ ಒಡಂಬಡಿಕೆಯ ಪ್ರತಿಯನ್ನೂ ತೆಗೆದ. ತಾನೇ ಓದಿದ, ಪುಸ್ತಕಕ್ಕೆ ಮುತ್ತಿಟ್ಟ, ಸಹಿ ಹಾಕಿದ. ಯಾರಾದರೂ ಪ್ರಮಾಣ ಮಾಡಿಸಿದರೆ ತಾನೇ ತಡೆಯೋದು? ತನಗೆ ತಾನೇ ಮಾಡಿಸಿಕೊಂಡ. ಮರುದಿನ ಉಚ್ಚಾಟನೆ. ಮಾರ್ಚಿನಲ್ಲಿ ಊರಿನವರು ಮತ್ತೆ ಆರಿಸಿದರು. 1884ರಲ್ಲಿ ಇದೇ ಆಟ ಮತ್ತೊಮ್ಮೆ ನಡೆಯಿತು. 1881, 1882ರ ಗೆಲುವಿನ ಅಂತರ 100ರ ಆಸುಪಾಸು. 1884ರಲ್ಲಿ 300ಕ್ಕೂ ಜಾಸ್ತಿ. ಊರಿನವರೆಲ್ಲ ನಾಸ್ತಿಕರಾಗಿದ್ದರು ಅಂತಲ್ಲ. ನಾವು ಆರಿಸಿದವನನ್ನು ಬೇಡ ಅನ್ನಲು ನೀವ್ಯಾರು ಅನ್ನುವ ಸಿಟ್ಟು ಹೆಚ್ಚುತ್ತಾ ಹೋಗಿತ್ತು.

ಹೊರಗಿನ ಬದುಕಿನಲ್ಲಿ ಏಟುಗಳು ಬೇರೆ ಥರ ಬಿದ್ದವು. ಗಡಿಯಾರದ ಕಥೆ ಅಂತೂ ಅವನನ್ನು ಬಿಡಲೇ ಇಲ್ಲ. ಬ್ರಾಡ್ಲಾ ಸಾರ್ವಜನಿಕ ಸಭೆಯೊಂದರಲ್ಲಿ ಗಡಿಯಾರ ತೆಗೆದು, ದೇವರಿದ್ದರೆ ಐದು ನಿಮಿಷದಲ್ಲಿ ನನ್ನನ್ನು ಕೊಲ್ಲಲಿ ಅಂತ ಸವಾಲು ಹಾಕಿದ ಅನ್ನೋ ಕಥೆ ಅದು. ಅವನು ಅಂಥದ್ದೇನೂ ಮಾಡಿರಲಿಲ್ಲ. ಎಷ್ಟೋ ಸಲ ಅಲ್ಲಗಳೆದ, ಕೋರ್ಟಿನವರೆಗೂ ಹೋದ. ಆದರೂ ಊರಿಂದೂರಿಗೆ ಅದು ಸುತ್ತುತ್ತಲೇ ಇತ್ತು. ನಾಸ್ತಿಕ ಅಂದರೆ ಹೀಗೇ ಇರಬೇಕು ಅಂತ ಜನ ಮೊದಲೇ ತೀರ್ಮಾನಿಸಿದ ಮೇಲೆ, ನಡೆದದ್ದೇನು ಅನ್ನೋದು ಯಾರಿಗೆ ಬೇಕು? 1883ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಸ್ಯಶಾಸ್ತ್ರದ ತರಗತಿಗೆ ಬೆಸೆಂಟರನ್ನೂ ಬ್ರಾಡ್ಲಾ ಮಗಳನ್ನೂ ಸೇರಿಸಿಕೊಳ್ಳಲಿಲ್ಲ. ಯಾವ ಧರ್ಮದವರಾದರೂ ಬನ್ನಿ, ಧರ್ಮದ ಪರೀಕ್ಷೆ ಇಲ್ಲ ಅಂತಲೇ ಶುರುವಾದ ಸಂಸ್ಥೆ ಅದು.

ಯಾರು ಯಾಕೆ ತಡೆದರು

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಪ್ರಕರಣದ ತಿರುಳು ಇಲ್ಲಿದೆ.

ಪಾರ್ಲಿಮೆಂಟಿನ ಕೆಳಮನೆಯಾದ ಈ ಕಾಮನ್ಸ್ ಸಭೆಯಲ್ಲಿ ಬ್ರಾಡ್ಲಾ ಒಬ್ಬನೇ ನಂಬಿಕೆ ಇಲ್ಲದವನಾಗಿರಲಿಲ್ಲ. ಜಾನ್ ಮಾರ್ಲಿ 1883ರಲ್ಲಿ ಆರಿಸಿ ಬಂದರು. ತಮ್ಮ ಬರಹದಲ್ಲಿ ದೇವರ ಹೆಸರನ್ನು ಇಂಗ್ಲಿಷಿನ ಚಿಕ್ಕ ಅಕ್ಷರದಿಂದ ಬರೆದು ಹೆಸರು ಮಾಡಿದ್ದ ಮನುಷ್ಯ. ಎಲ್ಲರಿಗೂ ಗೊತ್ತಿತ್ತು. ಬಂದರು, ಪ್ರಮಾಣ ಮಾಡಿದರು, ಕೂತರು. ಯಾರೂ ಎದ್ದು ನಿಲ್ಲಲಿಲ್ಲ. ಮುಂದೆ ಮಂತ್ರಿಯೂ ಆದರು. ಲಬೂಶೇರ್ ಕೂಡ ಧರ್ಮದಲ್ಲಿ ದೊಡ್ಡ ಶ್ರದ್ಧೆ ಇದ್ದವರೇನಲ್ಲ.

ಹಾಗಾದರೆ ಬ್ರಾಡ್ಲಾ ಮಾತ್ರ ಯಾಕೆ? ನಂಬದೆ ಇರೋದನ್ನು ಆ ಸಭೆ ಸಹಿಸಿಕೊಂಡಿತ್ತು. ಮಾಡಬಾರದಿದ್ದದ್ದು ಅದನ್ನು ಆ ಮೇಜಿನ ಮುಂದೆ ಹೇಳುವುದು. ಹೇಳಿಬಿಟ್ಟರೆ ಉಳಿದ ಆರುನೂರಕ್ಕೂ ಹೆಚ್ಚು ಮಂದಿ ತಾವು ಅಂದ ಮಾತನ್ನು ಎಷ್ಟು ನಂಬಿ ಅಂದರು ಎಂಬ ಪ್ರಶ್ನೆ ಏಳುತ್ತದೆ. ಯಾರಿಗೆ ಬೇಕು ಅದು? ಅವನು ಬಡವರ ಮನೆಯವನು, ರಾಜಪ್ರಭುತ್ವದ ವಿರೋಧಿ, 1877ರಲ್ಲಿ ಬೆಸೆಂಟರ ಜೊತೆ ಸೇರಿ ಸಂತಾನ ನಿಯಂತ್ರಣದ ಕಿರುಪುಸ್ತಕ ಪ್ರಕಟಿಸಿ ಕೋರ್ಟು ಹತ್ತಿದವನು. ಇದೂ ಸೇರಿಕೊಂಡಿತು. ಮಾರ್ಲಿಯಂಥವರದು ಓದಿದವರ ಮನೆಯ ಅನುಮಾನ. ಇವನದು ಬೀದಿಯ ನಾಸ್ತಿಕತೆ, ಬೂಟು ಹೊಲಿಯುವವನಿಗೂ ಅರ್ಥ ಆಗುವಂಥದ್ದು. ಮೇಲಿನವರಿಗೆ ಭಯ ಹುಟ್ಟಿಸಿದ್ದು ಎರಡನೆಯದು.

ತಡೆದವರ ಪಟ್ಟಿ ನೋಡಿದರೆ ಭಕ್ತಿಯಿಂದ ತಡೆದವರು ಎಷ್ಟು, ಲಾಭಕ್ಕೆ ತಡೆದವರು ಎಷ್ಟು ಅಂತ ಬೇರ್ಪಡಿಸೋದು ಕಷ್ಟ. ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಮ್ಯಾನಿಂಗ್ ಅಂಥವರು ನಿಜವಾಗಿ ನಂಬಿ ವಿರೋಧಿಸಿದರು, ಸಂಶಯವಿಲ್ಲ. ಆದರೆ ಸಭೆಯೊಳಗೆ ಬೆಂಕಿ ಊದಿದವರು ರ‍್ಯಾಂಡಾಲ್ಫ್ ಚರ್ಚಿಲ್, ವುಲ್ಫ್ ಮೊದಲಾದ ನಾಲ್ಕು ಜನರ ಗುಂಪು. ಗ್ಲ್ಯಾಡ್‌ಸ್ಟನ್ ಸರ್ಕಾರವನ್ನು ಪೇಚಿಗೆ ಸಿಕ್ಕಿಸಲು ಅವರಿಗೆ ಇಷ್ಟು ಒಳ್ಳೆಯ ನೆಪ ಮತ್ತೆ ಸಿಗುತ್ತಿರಲಿಲ್ಲ. ದೇವರ ಹೆಸರು ಹೇಳಿದರೆ ಸರ್ಕಾರದ ಪಕ್ಷದವರೂ ಅಡ್ಡ ಮತ ಹಾಕುತ್ತಾರೆ ಅಂತ ಅವರಿಗೆ ಗೊತ್ತಾಗಿಹೋಗಿತ್ತು.

ಇನ್ನೊಂದು ಕಡೆ ಗ್ಲ್ಯಾಡ್‌ಸ್ಟನ್. ಆ ಸಭೆಯಲ್ಲಿ ಅವರಷ್ಟು ದೈವಭಕ್ತರು ಸಿಗುವುದು ಕಷ್ಟ. ಬ್ರಾಡ್ಲಾ ವಿಚಾರಗಳು ಅವರಿಗೆ ಅಸಹ್ಯ. ಆದರೂ 1883ರ ಏಪ್ರಿಲ್ 26ರಂದು ದೃಢೀಕರಣ ಮಸೂದೆಯ ಪರ ಮಾಡಿದ ಭಾಷಣ ಅವರ ಬದುಕಿನ ದೊಡ್ಡ ಭಾಷಣಗಳಲ್ಲಿ ಒಂದು. ರೋಮಿನ ಕವಿ ಲುಕ್ರೀಷಿಯಸ್‌ನ ಸಾಲುಗಳನ್ನು ಲ್ಯಾಟಿನ್ನಿನಲ್ಲೇ ಹೇಳಿದರು. ದೇವರುಗಳು ಇದ್ದಾರೆ, ಆದರೆ ಮನುಷ್ಯರ ಗೊಡವೆ ಅವರಿಗೆ ಬೇಡ ಅನ್ನುವ ಸಾಲುಗಳು. ಅಂಥ ದೇವರನ್ನು ನಂಬುವವನು ನಿಮ್ಮ ಪ್ರಮಾಣ ಮಾಡಬಹುದು, ಅದರಿಂದ ಧರ್ಮಕ್ಕೆ ಯಾವ ರಕ್ಷಣೆ ಸಿಕ್ಕಿತು ಅನ್ನೋದು ಅವರ ಪ್ರಶ್ನೆ. ಎದುರಾಳಿಗಳಲ್ಲಿ ಯಾರೂ ಇದಕ್ಕೆ ನೇರ ಉತ್ತರ ಕೊಟ್ಟಂತೆ ನನಗೆ ಕಾಣುವುದಿಲ್ಲ. ಮೇ 3ರಂದು ಮತ ಎಣಿಸಿದಾಗ 289 ಪರ, 292 ವಿರುದ್ಧ. ಮೂರು ಮತ.

ಆ ಪತ್ರ ಬೇಕಿತ್ತಾ

ಬ್ರಾಡ್ಲಾನ ನಡೆಗಳಲ್ಲಿ ನಾಸ್ತಿಕರೇ ಟೀಕಿಸಿದ್ದು ಪ್ರಮಾಣಕ್ಕೆ ಒಪ್ಪಿದ್ದನ್ನು. ಹಿರಿಯ ವಿಚಾರವಾದಿ ಹೋಲಿಯೋಕ್ ಅಂಥವರಿಗೆ ಅದು ಸರಿ ಕಾಣಲಿಲ್ಲ. ನಂಬದ ಮಾತನ್ನು ಆಡುತ್ತೇನೆ ಅನ್ನೋದಾದರೆ ಮೊದಲ ದಿನ ಚೀಟಿ ಕೊಟ್ಟಿದ್ದೇಕೆ? ಕೊಟ್ಟ ಮೇಲೆ ಹಿಂದೆ ಸರಿಯೋದೇಕೆ?

ನನಗೆ ಈ ಟೀಕೆ ಅರ್ಧ ಮಾತ್ರ ಸರಿ ಅನಿಸುತ್ತದೆ. ಅವನು ಅಲ್ಲಿಗೆ ಹೋಗಿದ್ದು ನಾಸ್ತಿಕತೆ ಸಾರಲಿಕ್ಕಲ್ಲ, ತನ್ನನ್ನು ಆರಿಸಿದವರ ಪರ ಕೂರಲಿಕ್ಕೆ. ಅವರಿಗೆ ಕೊಟ್ಟ ಮಾತೂ ಒಂದು ಪ್ರಮಾಣವೇ. ಮೊದಲು ತನಗೆ ಒಪ್ಪುವ ದಾರಿ ಕೇಳಿದ. ಅದನ್ನು ಮುಚ್ಚಿದ ಮೇಲೆ ಉಳಿದ ದಾರಿಯಲ್ಲಿ ಹೊರಟ. ಇದರಲ್ಲಿ ಮೋಸ ಏನೂ ಇಲ್ಲ. ಪ್ರಮಾಣದಿಂದ ತಾನು ಕಟ್ಟುಬೀಳುತ್ತೇನೆ ಅಂತಲೇ ಹೇಳಿದ್ದ.

ತಪ್ಪಿದ್ದು ಪತ್ರದಲ್ಲಿ. ಆ ಪತ್ರ ಇಲ್ಲದಿದ್ದರೆ ವುಲ್ಫ್ ಕೈಯಲ್ಲಿ ಹಿಡಿದು ಆಡಿಸಲು ಕಾಗದವೇ ಇರುತ್ತಿರಲಿಲ್ಲ. ದೃಢೀಕರಣ ಕೇಳಿದಾಗಲೇ ಅವನ ನಿಲುವು ಎಲ್ಲರಿಗೂ ಗೊತ್ತಾಗಿತ್ತು. ಇನ್ನೊಮ್ಮೆ ಬರೆದು ಹೇಳುವ ಅಗತ್ಯ ಇರಲಿಲ್ಲ. ಆದರೆ ಅವನ ಬದುಕು ನೋಡಿದರೆ ಯಾಕೆ ಬರೆದ ಅಂತ ತಿಳಿಯುತ್ತದೆ. ಅನುಮಾನ ಬಂದರೆ ಬರೆದು ಕೇಳುವುದು ಸಂಡೆ ಸ್ಕೂಲಿನ ಕಾಲದಿಂದ ಬಂದ ಅಭ್ಯಾಸ. ಬಾಯಲ್ಲಿ ಒಂದು, ಮನಸ್ಸಿನಲ್ಲಿ ಒಂದು ಇಟ್ಟುಕೊಳ್ಳಲು ಬರುತ್ತಿದ್ದರೆ ಅವನಿಗೆ ಕಲ್ಲಿದ್ದಲು ವ್ಯಾಪಾರವೂ ಉಳಿಯುತ್ತಿತ್ತು.

ಇಂಥ ಸ್ಥಿತಿಯಲ್ಲಿ ಇರುವವರು ಗಮನಿಸಬೇಕಾದ್ದು ಇನ್ನೊಂದಿದೆ. ಆರು ವರ್ಷದಲ್ಲಿ ಅವನು ಧರ್ಮದ ಬಗ್ಗೆ ಆ ಸಭೆಯ ಒಬ್ಬನ ಮನಸ್ಸನ್ನೂ ಬದಲಿಸಲು ಹೋಗಲಿಲ್ಲ. ಅಲ್ಲಿ ಆಡಿದ ಮಾತೆಲ್ಲ ಕಾನೂನು, ಮತದಾರರ ಹಕ್ಕು, ಸಭೆಯ ಅಧಿಕಾರದ ಮಿತಿ. ಹೊರಗೆ ಭಾಷಣದಲ್ಲಿ ಬೈಬಲನ್ನು ಚಿಂದಿ ಮಾಡುತ್ತಿದ್ದವನು ಒಳಗೆ ಒಂದು ದಿನವೂ ಆ ವಾದಕ್ಕೆ ಇಳಿಯಲಿಲ್ಲ. ಕೇಸುಗಳನ್ನೂ ಹೆಚ್ಚಾಗಿ ತಾನೇ ವಾದಿಸಿದ. ಕ್ಲಾರ್ಕ್ ಹಾಕಿದ ದಂಡದ ಕೇಸು ಕೊನೆಗೆ ಆಗ ಅತಿ ಮೇಲಿನ ಕೋರ್ಟೂ ಆಗಿದ್ದ ಲಾರ್ಡ್ಸ್ ಸಭೆಗೆ ಹೋಯಿತು. ಅಂಥ ದಂಡ ಕೇಳುವ ಹಕ್ಕು ರಾಜಸತ್ತೆಗೆ ಮಾತ್ರ, ದಾರಿಹೋಕನಿಗೆ ಇಲ್ಲ ಅಂತ 1883ರಲ್ಲಿ ಬ್ರಾಡ್ಲಾ ಪರ ತೀರ್ಪು ಬಂತು. ಬೇರೆಯವನ ಕೇಸಿಗೆ ದುಡ್ಡು ಹಾಕಿದ್ದಕ್ಕೆ ನ್ಯೂಡಿಗೇಟ್ ಮೇಲೂ ಕೇಸು ಹಾಕಿ ಗೆದ್ದ. ಎಲ್ಲ ಕಡೆ ಗೆಲ್ಲಲಿಲ್ಲ. ಸಭೆಯ ಒಳಗಿನ ವ್ಯವಹಾರದಲ್ಲಿ ಕೋರ್ಟು ಕೈ ಹಾಕದು ಎಂಬ 1884ರ ಬ್ರಾಡ್ಲಾ–ಗಾಸೆಟ್ ತೀರ್ಪನ್ನು ಶಾಸನಸಭೆಗಳ ವಿಶೇಷ ಹಕ್ಕಿನ ಮಾತು ಬಂದಾಗ ಇವತ್ತಿಗೂ ಉಲ್ಲೇಖಿಸುತ್ತಾರೆ. ಅದು ಅವನು ಸೋತ ಕೇಸು.

ಮುಗಿದ ರೀತಿ

1885ರ ಕೊನೆಗೆ ಮಹಾಚುನಾವಣೆ. ಬ್ರಾಡ್ಲಾ ಮತ್ತೆ ಗೆದ್ದ. 1886ರ ಜನವರಿ 13ರಂದು ಪ್ರಮಾಣಕ್ಕೆ ಬಂದ. ಈಗ ಸ್ಪೀಕರ್ ಕುರ್ಚಿಯಲ್ಲಿ ಆರ್ಥರ್ ಪೀಲ್ ಇದ್ದರು. ಗ್ಲ್ಯಾಡ್‌ಸ್ಟನ್ ಎದುರಾಳಿಗಳು ಈಗ ಸರ್ಕಾರದಲ್ಲಿದ್ದರು, ಆಕ್ಷೇಪ ಎತ್ತಲು ಅವರೇ ಸಿದ್ಧವಾಗಿದ್ದರು. ಪೀಲ್ ಯಾರಿಗೂ ಅವಕಾಶ ಕೊಡಲಿಲ್ಲ. ಆರಿಸಿ ಬಂದ ಸದಸ್ಯ ಕಾನೂನು ಹೇಳಿದ ಪ್ರಮಾಣ ಮಾಡಲು ಬಂದಿದ್ದಾನೆ, ಅವನ ಮತ್ತು ಪ್ರಮಾಣದ ಮಧ್ಯೆ ಬರುವ ಹಕ್ಕು ನನಗೂ ಇಲ್ಲ, ಇನ್ನೊಬ್ಬ ಸದಸ್ಯನಿಗೂ ಇಲ್ಲ ಅಂದರು. ಬ್ರಾಡ್ಲಾ ಪ್ರಮಾಣ ಮಾಡಿ, ಕೈಕುಲುಕಿ, ಕೂತ. ಆರು ವರ್ಷದ ಹಿಂದೆ ಬ್ರ್ಯಾಂಡ್ ಇಷ್ಟೇ ಹೇಳಬಹುದಿತ್ತು.

ಕೂತ ಮೇಲೆ ಕೆಲಸದಲ್ಲಿ ಮುಳುಗಿದ. ಭಾರತದ ವಿಷಯಗಳನ್ನು ಎಷ್ಟು ಎತ್ತಿದನೆಂದರೆ ‘ಭಾರತದ ಸದಸ್ಯ’ ಅಂತಲೇ ಕರೆದರು. 1889ರ ಡಿಸೆಂಬರಿನಲ್ಲಿ ಮುಂಬೈ ಕಾಂಗ್ರೆಸ್ ಅಧಿವೇಶನಕ್ಕೂ ಬಂದ. ಒಂದು ತಮಾಷೆ ನೋಡಿ. ಇದೇ ಬ್ರಿಟಿಷರು ಭಾರತದಲ್ಲಿ 1873ರಲ್ಲೇ ಒಂದು ಪ್ರಮಾಣ ಕಾಯ್ದೆ ತಂದಿದ್ದರು. ಅದರಂತೆ ಹಿಂದೂ, ಮುಸ್ಲಿಂ ಸಾಕ್ಷಿಗಳು, ಆಣೆ ಇಡಲು ಆಕ್ಷೇಪ ಇರುವ ಯಾರೇ ಆದರೂ, ದೃಢೀಕರಣ ಮಾಡಿದರೆ ಸಾಕಿತ್ತು. ಮುಂದೆ ನಮ್ಮ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಸಂಸದರಿಗೂ ಶಾಸಕರಿಗೂ ಎರಡು ದಾರಿಗಳನ್ನು ಪಕ್ಕಪಕ್ಕದಲ್ಲೇ ಇಟ್ಟರು. ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೇ ದೃಢೀಕರಣ. ಯಾವುದನ್ನು ಯಾಕೆ ಆರಿಸಿದಿರಿ ಅಂತ ಯಾರೂ ಕೇಳುವಂತಿಲ್ಲ.

1891ರ ಜನವರಿಯಲ್ಲಿ ಬ್ರಾಡ್ಲಾ ಹಾಸಿಗೆ ಹಿಡಿದಿದ್ದ. ಅವನನ್ನು ತಡೆದ 1880ರ ಜೂನ್ 22ರ ನಿರ್ಣಯವನ್ನು ದಾಖಲೆಯಿಂದ ತೆಗೆದುಹಾಕಬೇಕು ಅಂತ ಜನವರಿ 27ರಂದು ಸಭೆ ಒಪ್ಪಿತು. ಸುದ್ದಿ ತಿಳಿಯುವ ಸ್ಥಿತಿಯಲ್ಲಿ ಅವನಿರಲಿಲ್ಲ. 30ರಂದು ತೀರಿಕೊಂಡ. ಸಾಯುವಾಗ ದೇವರನ್ನು ಕರೆದ ಅಂತ ಕಥೆ ಕಟ್ಟುತ್ತಾರೆ ಅಂತ ಮಗಳು ಹೈಪೇಶಿಯಾಗೆ ಖಾತ್ರಿ ಇತ್ತು. ಕೊನೆಯ ದಿನಗಳಲ್ಲಿ ನೋಡಿಕೊಂಡವರಿಂದ, ಧರ್ಮದ ಬಗ್ಗೆ ಆತ ಏನೂ ಮಾತಾಡಲಿಲ್ಲ ಅಂತ ಬರೆಸಿ ಸಹಿ ಹಾಕಿಸಿಕೊಂಡಳು. ಗಡಿಯಾರದ ಕಥೆ ಕೇಳಿ ಬೆಳೆದವಳು ಅಲ್ವಾ. ಅಂತ್ಯಕ್ರಿಯೆಗೆ ಲಂಡನ್ನಿನಲ್ಲಿದ್ದ ಭಾರತೀಯರು ಹೋದರು. ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿಯೂ ಇದ್ದರು.

ಅವನ ದೊಡ್ಡ ಗೆಲುವು 1888ರ ಪ್ರಮಾಣ ಕಾಯ್ದೆ. ಅವನೇ ಮಂಡಿಸಿ ಪಾಸು ಮಾಡಿಸಿದ್ದು. ಕೋರ್ಟು, ಪಾರ್ಲಿಮೆಂಟು, ಪ್ರಮಾಣ ಬೇಕಾದ ಎಲ್ಲ ಕಡೆ ದೃಢೀಕರಣ ಸಾಕು ಅಂತಾಯಿತು. ಆದರೆ ಪಾಸಾಗಲು ಒಂದು ರಾಜಿ ಮಾಡಿಕೊಳ್ಳಬೇಕಾಯಿತು. ದೃಢೀಕರಣ ಬೇಕು ಅನ್ನುವವರು ಕಾರಣ ಹೇಳಬೇಕಿತ್ತು. ನನಗೆ ಧಾರ್ಮಿಕ ನಂಬಿಕೆ ಇಲ್ಲ, ಅಥವಾ ಆಣೆ ಇಡೋದು ನನ್ನ ನಂಬಿಕೆಗೆ ವಿರುದ್ಧ, ಈ ಎರಡರಲ್ಲಿ ಒಂದನ್ನು. ಅಂದರೆ ಕೋರ್ಟಿಗೆ ಯಾವುದೋ ಸಾಲದ ವಿಷಯ ಹೇಳಲು ಬಂದ ಸಾಮಾನ್ಯ ಸಾಕ್ಷಿ ಮೊದಲು ಎಲ್ಲರೆದುರು ತನ್ನ ನಾಸ್ತಿಕತೆ ಘೋಷಿಸಬೇಕು. ಬ್ರಾಡ್ಲಾಗೆ ಅದು ಕಷ್ಟದ ಮಾತಾಗಿರಲಿಲ್ಲ. ಅಕ್ಕಪಕ್ಕದವರು ನೋಡುತ್ತಿರುವಾಗ ಅದನ್ನು ಹೇಳಲು ಎಲ್ಲರಿಗೂ ಅವನ ಎದೆ ಇರುವುದಿಲ್ಲ. ಹಾಗಾಗಿ ತುಂಬಾ ಜನ ಪುಸ್ತಕ ಹಿಡಿದು ಆಣೆ ಇಟ್ಟೇ ಮುಂದೆ ಹೋಗಿರಬೇಕು. ಆ ಶರತ್ತು ಹೋಗಲು ಸುಮಾರು 90 ವರ್ಷ ಬೇಕಾಯಿತು. ಇಂಗ್ಲೆಂಡಿನ 1978ರ ಪ್ರಮಾಣ ಕಾಯ್ದೆಯ ಪ್ರಕಾರ, ಆಣೆ ಬೇಡ ಅಂದರೆ ಸಾಕು, ಕಾರಣ ಹೇಳಬೇಕಿಲ್ಲ.